ಕರಾವಳಿಯ ವಿದ್ಯಾರ್ಥಿಯೂ ಫ್ರೆಂಚ್ ಭಾಷೆಯ ವ್ಯಾಸಂಗವೂ

ಪರಭಾಷೆಯೊಂದನ್ನು ಕಲಿಯಹೊರಟ ತರುಣರಿಗೆ ಮನೆಯ ಹಿರಿಯರು ಮೊದಲು ಹಾಕುವ ಪ್ರಶ್ನೆ, ‘ಇದರಿಂದ ಪ್ರಯೋಜನವೇನು?’ ಎಂಬುದು. ಪ್ರಶ್ನೆ ನ್ಯಾಯವಾದುದೇ. ಭಟ್ಕಳ, ಹೊನ್ನಾವರ, ಕುಮಟಾಗಳಂತಹ ಊರಿನಿಂದ ಮಗನನ್ನೋ ಮಗಳನ್ನೋ ಫ್ರೆಂಚ್ ವ್ಯಾಸಂಗಕ್ಕಾಗಿ ದೂರದ ವಿಶ್ವವಿದ್ಯಾನಿಲಯಕ್ಕೂ, ಅಲ್ಲಿಂದ ಮುಂದೆ ಸಮುದ್ರದಾಚೆಗೂ ಕಳುಹಿಸುವುದೆಂದರೆ ಒಂದು ಸಂಸಾರದ ಹಲವು ವರ್ಷಗಳ ಉಳಿತಾಯವನ್ನು ಪಣಕ್ಕೊಡ್ಡಿದಂತೆಯೇ ಸರಿ. ಆದಕಾರಣ ಈ ವ್ಯಾಸಂಗದ ಸ್ವರೂಪವೇನು, ಅದರಲ್ಲಿ ವಿದೇಶವಾಸಕ್ಕಿರುವ ಸ್ಥಾನವೇನು, ಕಡೆಗೆ ಕೈಗೆ ಬರುವ ಫಲವೇನು ಎಂಬುದನ್ನು ಶ್ರೋತೃಗಳೊಡನೆ ಇಂದು ವಿಚಾರ ಮಾಡಬಯಸುತ್ತೇವೆ.

ಉತ್ತರ ಕನ್ನಡದ ಈ ಮೂರು ಊರುಗಳೂ ಕಡಲಂಚಿನವು. ಭಾಷೆಯ ವಿಷಯದಲ್ಲಿ ಅವು ಬಡ ಊರುಗಳಲ್ಲ. ಕನ್ನಡವು ಎಲ್ಲರ ಬಳಕೆಯ ನುಡಿ; ಅದರ ಜೊತೆಗೆ ಕೊಂಕಣಿ ಉಂಟು, ಹವ್ಯಕರ ಕನ್ನಡ ಉಂಟು, ಭಟ್ಕಳದಲ್ಲಿ ನವಾಯತರ ಮನೆಮಾತಾದ ನವಾಯತಿಯೂ ಉಂಟು. ಇಲ್ಲಿಯ ಮಗು ಶಾಲೆಯ ಮೆಟ್ಟಲು ಹತ್ತುವ ಮೊದಲೇ ಮನೆಯಲ್ಲೊಂದು ಪೇಟೆಯಲ್ಲೊಂದು ನುಡಿಯನ್ನಾಡಲು ಕಲಿತಿರುತ್ತದೆ. ಫ್ರೆಂಚ್ ಕಲಿಯುವವನಿಗೆ ಇದು ದೊಡ್ಡ ಮೂಲಧನ.

ಹೇಗೆಂಬುದನ್ನು ಒಂದೆರಡು ಉದಾಹರಣೆಗಳಿಂದ ತೋರಿಸಬಹುದು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ: ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಕಲ್ಲು ಮರಗಳು ನಪುಂಸಕಲಿಂಗ. ಫ್ರೆಂಚಿನಲ್ಲಿ ನಪುಂಸಕಲಿಂಗವೇ ಇಲ್ಲ. ಪುಸ್ತಕ ಗಂಡು, ಮೇಜು ಹೆಣ್ಣು. ಸೂರ್ಯ ಗಂಡು, ಚಂದ್ರ ಹೆಣ್ಣು. ‘ಇದೇಕೆ ಹೀಗೆ?’ ಎಂದು ಕನ್ನಡವೊಂದನ್ನೇ ಬಲ್ಲವನು ಬೆರಗಾಗುತ್ತಾನೆ. ಕೊಂಕಣಿಯಾಡುವವನು ಬೆರಗಾಗುವುದಿಲ್ಲ, ಅವನ ನುಡಿಯಲ್ಲಿಯೂ ಜಡವಸ್ತುಗಳಿಗೆ ಗಂಡು ಹೆಣ್ಣೆಂಬ ಭೇದವುಂಟು. ಹೆಂಗಸರನ್ನು ‘ಅದು’ ಎಂದು ನಪುಂಸಕಲಿಂಗದಿಂದ ಕರೆಯುವ ಹವ್ಯಕ ಮನೆಯ ಹುಡುಗನಿಗಂತೂ ವ್ಯಾಕರಣದ ಲಿಂಗವೇ ಬೇರೆ, ಲೋಕದ ಲಿಂಗವೇ ಬೇರೆ ಎಂಬ ತತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಉಚ್ಚಾರಣೆಯಲ್ಲಿಯೂ ಹೀಗೆಯೇ. ‘ಒಳ್ಳೆಯ’ ಎಂಬರ್ಥದ ಫ್ರೆಂಚ್ ಶಬ್ದವು ಪುಲ್ಲಿಂಗದಲ್ಲಿ ಮೂಗಿನಿಂದ ಹೊರಡುವ ಸ್ವರದಲ್ಲಿ ಮುಗಿಯುತ್ತದೆ. ಸ್ತ್ರೀಲಿಂಗದಲ್ಲಿ ನಕಾರವು ಸ್ಪಷ್ಟವಾಗಿ ಕೇಳಿಸುತ್ತದೆ. ಈ ಅನುನಾಸಿಕ ಸ್ವರವು ಕೊಂಕಣಿಗರ ಕಿವಿಗೆ ಹೊಸದಲ್ಲ. ಕನ್ನಡಿಗನಿಗೂ ತನ್ನದೇ ಆದ ಅನುಕೂಲವುಂಟು. ‘ನೀನು’, ‘ನೀವು’ ಎಂಬ ಭೇದವನ್ನು ಇಂಗ್ಲಿಷಿನವರು ಪ್ರಯಾಸಪಟ್ಟು ಕಲಿಯಬೇಕು. ಫ್ರೆಂಚಿನಲ್ಲಿ ಗೌರವದ ‘ನೀವು’ ನಮ್ಮಂತೆಯೇ ಬಹುವಚನದ ಕ್ರಿಯಾಪದವನ್ನು ಬಯಸುತ್ತದೆ. ತೊಡಕಿರುವುದು ಬರವಣಿಗೆಯಲ್ಲಿ. ಉಚ್ಚರಿಸಿದಂತೆ ಬರೆಯುವುದು ನಮ್ಮ ರೂಢಿ. ಫ್ರೆಂಚಿನಲ್ಲಿ ‘ಅವನು ಮಾತನಾಡುತ್ತಾನೆ’, ‘ಅವರು ಮಾತನಾಡುತ್ತಾರೆ’ ಎಂಬೆರಡು ವಾಕ್ಯಗಳು ಕಣ್ಣಿಗೆ ಬೇರೆ, ಕಿವಿಗೆ ಒಂದೇ. ತೊಂಬತ್ತೇಳನ್ನು ‘ನಾಲ್ಕು ಇಪ್ಪತ್ತು, ಹತ್ತು, ಏಳು’ ಎಂದು ಎಣಿಸುವ ಕ್ರಮವೂ ಕೆಲವು ದಿನ ಕಾಡುವುದುಂಟು.

ಇನ್ನು ಕಲಿಯುವುದೆಲ್ಲಿ? ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಈ ಸೀಮೆಯ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕೆ ಧಾರವಾಡಕ್ಕೋ ಮುಂಬಯಿಗೋ ಹೋಗುತ್ತಿದ್ದರು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾದ ಮೇಲೆ ಮೂರು ಊರುಗಳಿಗೂ ಗೋವೆಯು ನೆರೆಮನೆಯಂತಾಗಿದೆ. ಫ್ರೆಂಚಿನಲ್ಲಿ ಎಂ.ಎ. ಪದವಿಗೆ ಗೋವಾ ವಿಶ್ವವಿದ್ಯಾನಿಲಯದಲ್ಲಿಯೂ, ಪುದುಚೇರಿಯಲ್ಲಿಯೂ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾನಿಲಯದಲ್ಲಿಯೂ ವ್ಯವಸ್ಥೆಯುಂಟು. ಬೆಂಗಳೂರಿನ ಆಲಿಯಾನ್ಸ್ ಫ್ರಾನ್ಸೇಜ್ ಸಂಸ್ಥೆಯಲ್ಲಿ ಮೊದಲಿನಿಂದ ಹಂತಹಂತವಾಗಿ ಕಲಿಯಬಹುದು. ಯೂರೋಪಿನವರು ಭಾಷಾಜ್ಞಾನವನ್ನು ಆರು ಮೆಟ್ಟಲುಗಳಾಗಿ ವಿಂಗಡಿಸಿದ್ದಾರೆ. ಬಿ-2 ಎಂಬ ನಾಲ್ಕನೆಯ ಮೆಟ್ಟಲನ್ನೇರಿದವನಿಗೆ ಫ್ರಾನ್ಸಿನ ವಿಶ್ವವಿದ್ಯಾನಿಲಯದ ಬಾಗಿಲು ಸಾಮಾನ್ಯವಾಗಿ ತೆರೆಯುತ್ತದೆ. ಅಲ್ಲಿ ಮೊದಲ ಪದವಿಗೆ ಮೂರು ವರ್ಷ, ಮೇಲಿನದಕ್ಕೆ ಎರಡು.

ಆ ಪಾಠಶಾಲೆಯ ಪದ್ಧತಿಯನ್ನು ಕುರಿತು ಒಂದು ಮಾತು. ಫ್ರೆಂಚರು ಪ್ರಬಂಧ ರಚನೆಗೆ ಬಹಳ ಬೆಲೆ ಕೊಡುತ್ತಾರೆ. ಒಂದು ಪ್ರಶ್ನೆಯನ್ನೆತ್ತಿಕೊಂಡು, ಅದರ ಪರವಾದ ವಾದವನ್ನು ಮೊದಲು ಹೇಳಿ, ಬಳಿಕ ಪ್ರತಿವಾದವನ್ನು ಹೂಡಿ, ಕಡೆಗೆ ಎರಡನ್ನೂ ಸಮನ್ವಯಗೊಳಿಸುವುದು ಅಲ್ಲಿಯ ಪ್ರಸಿದ್ಧವಾದೊಂದು ಕ್ರಮ. ನಮ್ಮ ಶಾಸ್ತ್ರಗ್ರಂಥಗಳ ಸಂಶಯ, ಪೂರ್ವಪಕ್ಷ, ಸಿದ್ಧಾಂತಗಳನ್ನು ಬಲ್ಲವರಿಗೆ ಇದು ಪರಿಚಿತವೆನಿಸೀತು. ಆದರೆ ನಮ್ಮ ಸಿದ್ಧಾಂತಿಯು ಪೂರ್ವಪಕ್ಷವನ್ನು ಖಂಡಿಸಿ ಗೆಲ್ಲುತ್ತಾನೆ. ಅಲ್ಲಿಯ ವಿದ್ಯಾರ್ಥಿ ಇಬ್ಬರಿಗೂ ಸಲ್ಲುವಷ್ಟನ್ನು ಸಲ್ಲಿಸಿ ಮೂರನೆಯ ನೆಲೆಯೊಂದನ್ನು ಹುಡುಕಬೇಕು. ಉತ್ತರಗಳನ್ನು ಬಾಯಿಪಾಠ ಮಾಡಿ ಪದವಿ ಪಡೆದವರು ತಡವರಿಸುವುದು ಇಲ್ಲಿಯೇ.

ವಿದೇಶವಾಸದ ಆವಶ್ಯಕತೆ ಈ ಘಟ್ಟದಲ್ಲಿ ತಲೆದೋರುತ್ತದೆ. ಗ್ರಂಥದ ಫ್ರೆಂಚಿಗೂ ಬೀದಿಯ ಫ್ರೆಂಚಿಗೂ ಇರುವ ಅಂತರ ಅಲ್ಪವಲ್ಲ. ಅಂಗಡಿಯನ್ನು ಹೊಕ್ಕೊಡನೆ ‘ಬೊಂಝೂರ್’ ಎಂದು ವಂದಿಸದೆ ಸರಕಿನ ಬೆಲೆ ಕೇಳುವುದು ಅಲ್ಲಿ ಅಸಭ್ಯತೆ. ಇದನ್ನು ವ್ಯಾಕರಣದ ಯಾವ ಸೂತ್ರವೂ ಕಲಿಸದು. ವೆಚ್ಚಕ್ಕೆ ಅಂಜುವವರಿಗೆ ಒಂದು ದಾರಿಯುಂಟು. ಫ್ರಾನ್ಸಿನ ಸರ್ಕಾರವು ಪರದೇಶದ ತರುಣರನ್ನು ತನ್ನ ಶಾಲೆಗಳಲ್ಲಿ ಭಾಷಾಸಹಾಯಕರಾಗಿ ನೇಮಿಸಿಕೊಳ್ಳುತ್ತದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಏಳು ತಿಂಗಳು, ವಾರಕ್ಕೆ 12 ಗಂಟೆ ಇಂಗ್ಲಿಷಿನಲ್ಲಿ ಮಾತನಾಡಿಸುವ ಕೆಲಸ, ಅದಕ್ಕೆ ಮಾಸಿಕ ವೇತನ. ಉಳಿದ ಹೊತ್ತು ಕಲಿಯುವವನದು. ಅಲ್ಲಿ ಸ್ವದೇಶದ ಗೆಳೆಯರನ್ನೇ ಹುಡುಕಿ ಅವರ ನಡುವೆ ಕಾಲ ಕಳೆದವನು ಹೋದಂತೆಯೇ ಮರಳಿ ಬರುತ್ತಾನೆ.

ಇಷ್ಟೆಲ್ಲ ಶ್ರಮದ ಫಲವೇನು? ಭಾಷಾಂತರ, ಅಧ್ಯಾಪನ, ಕಂಪೆನಿಗಳ ಉದ್ಯೋಗಗಳು ಇದ್ದೇ ಇವೆ. ಜೀವನೋಪಾಯದ ಮಾತನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ಅದಕ್ಕಿಂತ ಸಮೀಪದ ಪ್ರಯೋಜನವೊಂದುಂಟು. ನಮ್ಮ ನೆಲವನ್ನು ಕುರಿತ ಬರಹವೇ ಫ್ರೆಂಚಿನಲ್ಲಿದೆ. ಆಂಕೆಟಿಲ್ ದ್ಯುಪೆರೋನ್ ಎಂಬ ಫ್ರೆಂಚ್ ವಿದ್ವಾಂಸನು ಮಾಹೆಯನ್ನು ಬಿಟ್ಟು ಪಶ್ಚಿಮ ಕರಾವಳಿಯ ಮಾರ್ಗವಾಗಿ ಗೋವೆಗೆ ಬಂದು, 1758ರಲ್ಲಿ ಸೂರತ್ತನ್ನು ಸೇರಿದನು. 1771ರಲ್ಲಿ ಅಚ್ಚಾದ ತನ್ನ ಅವೆಸ್ತಾ ಗ್ರಂಥದ ಮೊದಲಿಗೆ ಆ ಪ್ರವಾಸದ ಕಥನವನ್ನಿಟ್ಟಿದ್ದಾನೆ. ಪುದುಚೇರಿಯಲ್ಲಿ 1955ರಲ್ಲಿ ಸ್ಥಾಪಿತವಾದ ಫ್ರೆಂಚ್ ಸಂಶೋಧನಾಲಯದ ವತಿಯಿಂದ ಪಾಸ್ಕಲ್ ಎಂಬ ವಿಜ್ಞಾನಿ ಪಶ್ಚಿಮ ಘಟ್ಟಗಳ ನಿತ್ಯಹರಿದ್ವರ್ಣದ ಕಾಡುಗಳನ್ನು ಕುರಿತು ಮಹಾಗ್ರಂಥವೊಂದನ್ನು 1984ರಲ್ಲಿ ಪ್ರಕಟಿಸಿದರು. ಅದರ ಇಂಗ್ಲಿಷ್ ರೂಪ ಹೊರಬಂದುದು 1988ರಲ್ಲಿ. ಆ ಕಾಡಿನ ಬುಡದಲ್ಲಿಯೇ ಬಾಳುವ ಹೊನ್ನಾವರದವನೊಬ್ಬನು ಫ್ರೆಂಚನ್ನು ಬಲ್ಲವನಾಗಿದ್ದರೆ ನಾಲ್ಕು ವರ್ಷ ಕಾಯಬೇಕಾಗಿರಲಿಲ್ಲ.

ಕೊಡುವುದಕ್ಕೂ ಆ ಭಾಷೆ ಬೇಕು. ಹೈದರಾಬಾದಿನಲ್ಲಿ 1908ರಲ್ಲಿ ಹುಟ್ಟಿದ ಡಾಕ್ಟರ್ ಮುಹಮ್ಮದ್ ಹಮೀದುಲ್ಲಾ ಅವರು ನವಾಯತ ಮನೆತನದವರು. 1935ರಲ್ಲಿ ಪ್ಯಾರಿಸಿನ ಸೊರ್ಬೋನ್ ವಿದ್ಯಾಪೀಠದಿಂದ ಡಾಕ್ಟರ್ ಪದವಿ ಪಡೆದು, ಮುಂದೆ ಆ ನಗರದಲ್ಲಿಯೇ ದಶಕಗಳ ಕಾಲ ನೆಲಸಿ, 1959ರಲ್ಲಿ ಕುರಾನನ್ನು ಫ್ರೆಂಚಿಗೆ ಪರಿವರ್ತಿಸಿ ಪ್ರಕಟಿಸಿದರು. ಫ್ರೆಂಚ್ ಓದುಗರಿಗೆ ಆ ಗ್ರಂಥವನ್ನು ಅವರದೇ ನುಡಿಯಲ್ಲಿ ಒದಗಿಸುವಷ್ಟು ಪರಭಾಷೆಯನ್ನು ಕೈವಶ ಮಾಡಿಕೊಂಡುದು ಸಾಮಾನ್ಯ ಸಾಧನೆಯಲ್ಲ.

ನಮ್ಮ ಕನ್ನಡಕ್ಕೆ ಫ್ರೆಂಚ್ ಸಾಹಿತ್ಯವು ಬಹುಮಟ್ಟಿಗೆ ಇಂಗ್ಲಿಷಿನ ಕಾಲುವೆಯಿಂದಲೇ ಹರಿದು ಬಂದಿದೆ. ಮೂಲದಿಂದ ನೀರನ್ನು ತರಬಲ್ಲವರು ನಮಗೆ ಬೇಕು. ಮನೆಯಲ್ಲಿ ಎರಡು ಮೂರು ನುಡಿಗಳ ನಡುವೆ ಬೆಳೆದ ಕರಾವಳಿಯ ಮಕ್ಕಳಿಗೆ ಆ ಕೆಲಸ ಅಸಾಧ್ಯವಲ್ಲ. ಹೋದವರು ಪದವಿಪತ್ರದ ಜೊತೆಗೆ ಒಂದಾದರೂ ಒಳ್ಳೆಯ ಗ್ರಂಥವನ್ನು ನೇರವಾಗಿ ಕನ್ನಡಕ್ಕೆ ತಂದುಕೊಟ್ಟರೆ, ಸಂಸಾರವು ಹಾಕಿದ ಬಂಡವಾಳಕ್ಕೆ ನಾಡಿಗೂ ಬಡ್ಡಿ ದೊರೆತಂತಾಗುವುದು. ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ ಇದು.