ಆನೈಕಟ್ಟಿಯಲ್ಲಿ ನಾರ್ಕೊಂಡಮ್

ಕೊಯಮತ್ತೂರಿನಿಂದ ತಡಾಗಂ ರಸ್ತೆ ಹಿಡಿದು ಹೊರಟರೆ ಇಟ್ಟಿಗೆಗೆಂದು ಮಣ್ಣು ಅಗೆದ ದೊಡ್ಡ ದೊಡ್ಡ ಹೊಂಡಗಳು ಕಣ್ಣಿಗೆ ರಾಚುತ್ತವೆ. ಮಾಂಗರೈ ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಡು. ಬಸ್ಸು ತಿರುವುಗಳಲ್ಲಿ ಏರತೊಡಗುತ್ತದೆ. ನೀಲಗಿರಿಯ ಮಳೆನೆರಳಿನ ಕುರುಚಲು, ನಡುವೆ ಬಿದಿರು, ರಸ್ತೆಯಂಚಿನಲ್ಲಿ ಒಣಗಿದ ಆನೆಲದ್ದಿ. ಕೇರಳದ ಗಡಿಗೆ ಅಂಟಿಕೊಂಡಿರುವ ಆನೈಕಟ್ಟಿಗೆ ಈ ಹೆಸರು ಸುಮ್ಮನೆ ಬಂದದ್ದಲ್ಲ.

ಕಡಲಿನ ಸುಳಿವೇ ಇಲ್ಲದ ಈ ಬೆಟ್ಟದ ಬುಡದಲ್ಲಿ ಸಲೀಂ ಅಲಿ ಪಕ್ಷಿವಿಜ್ಞಾನ ಮತ್ತು ಪ್ರಾಕೃತಿಕ ಇತಿಹಾಸ ಕೇಂದ್ರವಿದೆ. ಬಲ್ಲವರ ಬಾಯಲ್ಲಿ ಇದು 'ಸಾಕಾನ್'. 1990ರಲ್ಲಿ ಶುರುವಾಗಿ, ಈಗ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ಭಾಗವಾಗಿದೆ. ನಾನು ಇಲ್ಲಿಗೆ ಬಂದದ್ದು ಅಂಡಮಾನ್ ನಿಕೋಬಾರ್ ದ್ವೀಪಗಳ ಸಲುವಾಗಿ. ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೇ ಸುಮಾರು 1,200 ಕಿ.ಮೀ. ನೀರು. ಆ ದ್ವೀಪಗಳ ಹಕ್ಕಿಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಈ ಕೇಂದ್ರದ ರವಿ ಶಂಕರನ್ ದುಡಿದು ತಂದದ್ದು.

ಆವರಣದ ಕಾಲುದಾರಿಯಲ್ಲಿ ಹೋಗುತ್ತಿದ್ದಾಗ ತಲೆಯ ಮೇಲೆ ಕೀರಲು ಕೂಗು. ಬೂದು ಮಂಗಟ್ಟೆಗಳ ಜೋಡಿ ಆಲದ ಮರಕ್ಕೆ ಬಂದು ಕೂತಿತು. ಗಂಡು ಕೊಕ್ಕಿನ ತುದಿಯಲ್ಲಿ ಹಣ್ಣೊಂದನ್ನು ಕಿತ್ತು, ತಲೆ ಹಿಂದಕ್ಕೆ ಎಸೆದು, ಗಂಟಲಿಗೆ ಇಳಿಸಿತು. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮೆತ್ತಿಕೊಂಡಾಗ, ಕಿರಿದಾದ ಸೀಳಿನ ಮೂಲಕ ಅದಕ್ಕೆ ತಿನಿಸುವುದೂ ಇದೇ ಕೊಕ್ಕಿನಿಂದ.

ಇದರ ಬಂಧು ನಾರ್ಕೊಂಡಮ್ ಮಂಗಟ್ಟೆಯ ಬದುಕೂ ಹೀಗೇ. ಆದರೆ ಅದಕ್ಕೆ ಇಡೀ ಜಗತ್ತಿನಲ್ಲಿ ಇರುವುದು ಒಂದೇ ನೆಲೆ, ನಾರ್ಕೊಂಡಮ್ ದ್ವೀಪ. ಉತ್ತರ ಅಂಡಮಾನಿನಿಂದ ಪೂರ್ವಕ್ಕೆ ನೂರಕ್ಕೂ ಹೆಚ್ಚು ಕಿ.ಮೀ. ದೂರದಲ್ಲಿ, ಕಡಲಿನಿಂದ 710 ಮೀಟರ್ ಎದ್ದು ನಿಂತ ತಣ್ಣನೆಯ ಜ್ವಾಲಾಮುಖಿ. ವಿಸ್ತೀರ್ಣ ಏಳು ಚದರ ಕಿ.ಮೀ. ಕೂಡ ಇಲ್ಲ. 1972ರಲ್ಲಿ ಅಲ್ಲಿ ಬಿಡಾರ ಹೂಡಿ ಈ ಹಕ್ಕಿಯನ್ನು ಅಭ್ಯಾಸ ಮಾಡಿದವರು ನಮ್ಮ ಕಾರ್ಕಳದಲ್ಲಿ ಹುಟ್ಟಿದ ಎಸ್.ಎ. ಹುಸೇನ್. ಕನ್ನಡಿಗರು ಅವರನ್ನು ಇನ್ನಷ್ಟು ನೆನೆಯಬೇಕಿತ್ತು. ಶಂಕರನ್ ಹೋಗುವ ಹೊತ್ತಿಗೆ ಅಲ್ಲಿನ ಪೊಲೀಸ್ ಠಾಣೆಯ ಊಟಕ್ಕೆಂದು ತಂದಿದ್ದ ಮೇಕೆಗಳು ಕಾಡುಬಿದ್ದು, ಹಣ್ಣಿನ ಮರಗಳ ಸಸಿಗಳನ್ನೆಲ್ಲ ಮೇಯುತ್ತಿದ್ದವು. ಸಸಿ ಏಳದಿದ್ದರೆ ಮುಂದೆ ಮರವಿಲ್ಲ, ಪೊಟರೆಯಿಲ್ಲ. ಮೇಕೆಗಳನ್ನು ತೆಗೆಯಲೇಬೇಕೆಂದು ಅವರು ಪಟ್ಟುಹಿಡಿದರು. ಮುಂದೆ ತೆಗೆದದ್ದೂ ಆಯಿತು. ಈಚಿನ ಎಣಿಕೆಯಲ್ಲಿ ಸಾವಿರದಷ್ಟು ಹಕ್ಕಿಗಳು ಸಿಕ್ಕಿವೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಸ್ವಿಫ್ಟ್‌ಲೆಟ್‌ಗಳ ಕತೆ. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಹಕ್ಕಿ ಗುಹೆಯ ಕತ್ತಲಲ್ಲಿ ತನ್ನ ಜೊಲ್ಲನ್ನೇ ಎಳೆಎಳೆಯಾಗಿ ಬಂಡೆಗೆ ಅಂಟಿಸಿ ಬಿಳಿಯ ಬಟ್ಟಲಿನಂಥ ಗೂಡು ಕಟ್ಟುತ್ತದೆ. ಚೀನಾದಲ್ಲಿ ಅದರ ಸೂಪಿಗೆ ಬೆಳ್ಳಿಯ ಬೆಲೆ. ಮೊಟ್ಟೆ, ಮರಿ ಎನ್ನದೆ ಗೂಡು ಕೀಳುತ್ತಿದ್ದುದರಿಂದ ಗುಹೆ ಗುಹೆಯೇ ಖಾಲಿಯಾಗುತ್ತಿತ್ತು. ಶಂಕರನ್ ಗುಹೆಗಳನ್ನು ಒಂದೊಂದಾಗಿ ಹೊಕ್ಕು ಗೂಡುಗಳನ್ನು ಎಣಿಸಿದರು. ಆಮೇಲೆ ಅರಣ್ಯ ಇಲಾಖೆಯನ್ನು ಜೊತೆಗೆ ಕರೆದುಕೊಂಡು, ಗೂಡು ಕೀಳುತ್ತಿದ್ದವರನ್ನೇ ಉತ್ತರ ಅಂಡಮಾನಿನ ಗುಹೆಗಳಿಗೆ ಕಾವಲು ಇಟ್ಟರು. ಮರಿಗಳು ಹಾರಿಹೋದ ಮೇಲೆ ಉಳಿಯುವ ಗೂಡಿನಿಂದಲೂ ಸಂಪಾದನೆ ಆಗುತ್ತದೆಂದು ಅವರಿಗೆ ಲೆಕ್ಕ ಹಾಕಿ ತೋರಿಸಿದರು. ಹಸಿದವನ ಹೊಟ್ಟೆಯನ್ನೂ ಹಕ್ಕಿಯನ್ನೂ ಒಟ್ಟಿಗೆ ನೋಡಿದ ಇಂಥ ವಿಜ್ಞಾನಿಗಳು ನಮ್ಮಲ್ಲಿ ವಿರಳ. ಈ ಕೇಂದ್ರದ ನಿರ್ದೇಶಕರಾಗಿದ್ದಾಗಲೇ, 2009ರ ಜನವರಿಯಲ್ಲಿ, ಅವರು ತೀರಿಕೊಂಡರು.

ನಿಕೋಬಾರಿನಲ್ಲಿ ಅವರು ಬೆನ್ನುಹತ್ತಿದ್ದು ಮೆಗಾಪೋಡ್ ಹಕ್ಕಿಯನ್ನು. ಅದು ಮೊಟ್ಟೆಗೆ ಕಾವು ಕೂರುವುದಿಲ್ಲ. ಕಡಲದಂಡೆಯ ಕಾಡಿನಲ್ಲಿ ಮರಳು, ತರಗೆಲೆ ಕೆದರಿ ಗುಡ್ಡೆ ಮಾಡಿ ಅದರೊಳಗೆ ಮೊಟ್ಟೆ ಹೂಳುತ್ತದೆ. ಎಲೆ ಕೊಳೆಯುವ ಬಿಸಿಗೆ ಮರಿ ಒಡೆದು, ತಾನೇ ಅಗೆದುಕೊಂಡು ಮೇಲೆ ಬಂದು, ತಾಯಿಯ ಹಂಗಿಲ್ಲದೆ ಕಾಡು ಸೇರುತ್ತದೆ. ಗುಡ್ಡೆಗಳು ದಂಡೆಯಲ್ಲೇ ಇದ್ದುದರಿಂದ 2004ರ ಡಿಸೆಂಬರ್ 26ರ ಸುನಾಮಿ ಅವನ್ನು ಗುಡಿಸಿ ಹಾಕಿತು. ಎರಡು ವರ್ಷದ ನಂತರ ಮತ್ತೆ ಎಣಿಸಿದಾಗ ಹಕ್ಕಿಗಳ ಸಂಖ್ಯೆ ಸುಮಾರು 70% ಇಳಿದಿತ್ತು. ಇಷ್ಟು ಇಳಿಯಿತೆಂದು ಹೇಳಲು ಆಗಿದ್ದೇ 90ರ ದಶಕದಲ್ಲಿ ಶಂಕರನ್ ದ್ವೀಪದಿಂದ ದ್ವೀಪಕ್ಕೆ ಹೋಗಿ ಮಾಡಿಟ್ಟ ಲೆಕ್ಕ ಇದ್ದುದರಿಂದ.

ಈಗ ಆ ನಿಕೋಬಾರ್ ದ್ವೀಪಗಳಲ್ಲೊಂದಾದ ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿಯಲ್ಲಿ ದೊಡ್ಡ ಬಂದರು ಬರಲಿದೆ. ಅಲ್ಲಿನ ಅಭಯಾರಣ್ಯವನ್ನು 2021ರಲ್ಲಿ ಪಟ್ಟಿಯಿಂದ ತೆಗೆದರು. 2022ರಲ್ಲಿ ಯೋಜನೆಗೆ ಪರಿಸರ ಅನುಮತಿ ಸಿಕ್ಕಿತು. ತೊಗಲಾಮೆಗಳು ಮೊಟ್ಟೆಯಿಡುವ ಮರಳು ಅದು, ಮೆಗಾಪೋಡ್ ಗುಡ್ಡೆ ಕಟ್ಟುವ ದಂಡೆಯೂ ಅದೇ. ಸುನಾಮಿಯಲ್ಲಿ ಅಳಿದುಳಿದ ಹಕ್ಕಿಗಳ ದಂಡೆಯನ್ನು ನಾವೇ ಕೈಯಾರೆ ಕಸಿದುಕೊಳ್ಳುವ ಈ ನಿರ್ಧಾರವನ್ನು ನಾನು ಒಪ್ಪಲಾರೆ.