ನಿಶ್ಚಿತಾರ್ಥದ ವಜ್ರದುಂಗುರ: ಕೊಳ್ಳುವ ಮುನ್ನ ಕೇಳಬೇಕಾದ ಮಾತುಗಳು

ತಲ್ಲೂರಿನ ಸಂತ ಫ್ರಾನ್ಸಿಸ್ ಅಸಿಸಿ ಇಗರ್ಜಿಯಲ್ಲಿ ಭಾನುವಾರದ ಬಲಿಪೂಜೆ ಮುಗಿದು ಜನ ಅಂಗಳಕ್ಕೆ ಇಳಿದಾಗ ಯಾರದಾದರೂ ಮನೆಯ ಮದುವೆಯ ಸುದ್ದಿ ಬಾರದೆ ಇರುವುದಿಲ್ಲ. ಸಂಬಂಧ ಕೂಡಿಬಂತು ಎಂದ ಕೂಡಲೇ ಹಿಂದಿನವರು "ರೋಸ್ ಯಾವಾಗ?" ಎಂದು ಕೇಳುತ್ತಿದ್ದರು. ಇಂದಿನ ಮೊದಲ ಪ್ರಶ್ನೆ "ಉಂಗುರ ಯಾವ ಅಂಗಡಿಯದು? ವಜ್ರದ್ದೋ?" ಎಂಬುದಾಗಿದೆ.

ನೆರೆಮನೆಯ ತಾಯಿಯೊಬ್ಬರು ಇದೇ ಪ್ರಶ್ನೆಯ ಭಾರ ಹೊತ್ತು ನಮ್ಮಲ್ಲಿಗೆ ಬಂದರು. ಮಗ ಮಸ್ಕತ್‌ನ ಹೋಟೆಲೊಂದರಲ್ಲಿ ದುಡಿಯುತ್ತಾನೆ. ತಾಯಿ ಡೈರಿಗೆ ಹಾಲು ಹಾಕಿ ಬಂದ ಹಣದಲ್ಲಿ ಹನ್ನೊಂದು ತಿಂಗಳು ಚಿನ್ನದ ಸ್ಕೀಮಿಗೆ ಕಟ್ಟಿದ್ದಾರೆ. ಭಾವೀ ಸೊಸೆ ದಾದಿ. ಹುಡುಗಿಯ ಕಡೆಯವರು ಇಂಥದೇ ಬೇಕೆಂದು ಕೇಳಿದವರಲ್ಲ. ಆದರೆ ಕಳೆದ ತಿಂಗಳು ನೆಂಟರ ಮನೆಯ ನಿಶ್ಚಿತಾರ್ಥದಲ್ಲಿ ವಜ್ರದುಂಗುರ ಹೊಳೆದದ್ದನ್ನು ಎಲ್ಲರೂ ನೋಡಿದ್ದಾರೆ. "ನಾವು ಕಡಿಮೆಯಾಗಬಾರದು, ಹಾಗೆಂದು ಮೋಸವೂ ಹೋಗಬಾರದು. ಒಮ್ಮೆ ಜೊತೆಗೆ ಬನ್ನಿ" ಎಂದರು ಆ ತಾಯಿ. ಹೀಗೆ ಹೋಗಿ ಬಂದ ಅನುಭವ ಮತ್ತು ಆ ನೆಪದಲ್ಲಿ ಕಲಿತ ನಾಲ್ಕು ಸಂಗತಿಗಳು ಇತರ ಕುಟುಂಬಗಳಿಗೂ ಪ್ರಯೋಜನಕ್ಕೆ ಬರಬಹುದೆಂಬ ಉದ್ದೇಶದಿಂದ ಈ ಬರಹ.

ಉಂಗುರವೇ ಹೆಸರಾದ ಶಾಸ್ತ್ರ

ಕರಾವಳಿಯ ಕೊಂಕಣಿ ಕ್ರೈಸ್ತರ ವಿವಾಹ ಸಂಪ್ರದಾಯದಲ್ಲಿ ಸೊಯ್ರಿಕ್ ಆದ ಬಳಿಕ ಬರುವ ನಿಶ್ಚಿತಾರ್ಥಕ್ಕೆ 'ಮುದಿ' ಎಂದೇ ಹೆಸರು. ಮುದಿ ಎಂದರೆ ಉಂಗುರ. ಶಾಸ್ತ್ರಕ್ಕೆ ಉಂಗುರದ ಹೆಸರನ್ನೇ ಇಟ್ಟ ನಮ್ಮ ಹಿರಿಯರು ಆ ಉಂಗುರದಲ್ಲಿ ಯಾವ ಕಲ್ಲು ಇರಬೇಕೆಂದು ಹೇಳಿ ಹೋಗಲಿಲ್ಲ. ಧರ್ಮಸಭೆಯೂ ಹೇಳುವುದಿಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 1062ನೆಯ ವಿಧಿ ವಿವಾಹದ ವಾಗ್ದಾನವನ್ನು ಗಂಭೀರವಾಗಿ ಪರಿಗಣಿಸುತ್ತದೆ. ವಾಗ್ದಾನ ಕೊಟ್ಟ ಕಾರಣಕ್ಕೆ ಯಾರನ್ನೂ ಮದುವೆಗೆ ಬಲವಂತಪಡಿಸಲಾಗದು. ಆದರೆ ವಾಗ್ದಾನ ಮುರಿದು ನಷ್ಟವಾದಲ್ಲಿ ಪರಿಹಾರ ಕೇಳಲು ಅವಕಾಶವಿದೆ. ಅಂದರೆ ಧರ್ಮಸಭೆಯ ದೃಷ್ಟಿಯಲ್ಲಿ ತೂಕವಿರುವುದು ಕೊಟ್ಟ ಮಾತಿಗೆ.

ವಜ್ರದುಂಗುರದ ರೂಢಿ ನಮ್ಮಲ್ಲಿ ಹೊಸದು. ಯೂರೋಪಿನಲ್ಲಿ 1477ರಲ್ಲಿ ಆಸ್ಟ್ರಿಯದ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಮೇರಿಗೆ ವಜ್ರದುಂಗುರ ಕೊಟ್ಟನೆಂದು ಇತಿಹಾಸ ಹೇಳುತ್ತದೆಯಾದರೂ, ಅದು ಅರಮನೆಯ ಮಾತು. ಸಾಮಾನ್ಯ ಕುಟುಂಬಗಳಿಗೆ ಅದನ್ನು ಮುಟ್ಟಿಸಿದ್ದು ಜಾಹೀರಾತು. ವಜ್ರವು ಶಾಶ್ವತ ಎಂಬ ಅರ್ಥದ ಪ್ರಸಿದ್ಧ ಘೋಷಣೆಯನ್ನು ಡಿ ಬಿಯರ್ಸ್ ಕಂಪೆನಿಗಾಗಿ ಜಾಹೀರಾತು ಸಂಸ್ಥೆಯೊಂದರ ಫ್ರಾನ್ಸಿಸ್ ಗೆರೆಟಿ ಎಂಬ ಮಹಿಳೆ ಬರೆದದ್ದು 1947ರಲ್ಲಿ. ವಜ್ರ ಮಾತ್ರ ನಮ್ಮ ದೇಶಕ್ಕೆ ಹಳೆಯದು. ಹದಿನೆಂಟನೆಯ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ಗಣಿಗಳು ಸಿಕ್ಕುವವರೆಗೆ ಜಗತ್ತಿಗೆ ವಜ್ರ ಹೋಗುತ್ತಿದ್ದುದು ಬಹುಮಟ್ಟಿಗೆ ಭಾರತದಿಂದಲೇ. ಆ ಗಣಿಗಳಲ್ಲಿ ಒಂದರ ಹೆಸರು ಕೊಲ್ಲೂರು! ತಲ್ಲೂರಿನಿಂದ ವಂಡ್ಸೆಯ ಮೇಲೆ ಹೋಗುವ ನಮ್ಮ ಕೊಲ್ಲೂರಲ್ಲ. ಅದು ಆಂಧ್ರದ ಕೃಷ್ಣಾ ನದಿಯ ದಂಡೆಯ ಕೊಲ್ಲೂರು.

ಸೊನಾರನ ಮುಖ, ಮಳಿಗೆಯ ಬೋರ್ಡು

ಹಿಂದೆ ಒಂದೊಂದು ಮನೆತನಕ್ಕೆ ಒಬ್ಬೊಬ್ಬ ಅಕ್ಕಸಾಲಿಗನಿದ್ದ. ಅಜ್ಜಿಯ ಕಿವಿಯೋಲೆ ಮಾಡಿದವನ ಮಗನೇ ಮೊಮ್ಮಗಳ ಬಳೆ ಮಾಡುತ್ತಿದ್ದ. ತೂಕದಲ್ಲಿ ಅನುಮಾನ ಬಂದರೆ ಅವನ ಮನೆಯ ಜಗಲಿಗೆ ಹೋಗಿ ಕೇಳಬಹುದಿತ್ತು. ಇಂದು ಆ ಸ್ಥಾನದಲ್ಲಿ ಹೆಸರುವಾಸಿ ಮಳಿಗೆಗಳಿವೆ. 1925ರಲ್ಲಿ ಆಲಪ್ಪುಳದಲ್ಲಿ ಆರಂಭವಾದ ಭೀಮ, 1935ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆಭರಣ, 1993ರಲ್ಲಿ ಕೋಯಿಕ್ಕೋಡ್‌ನಿಂದ ಹೊರಟ ಮಲಬಾರ್, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಟೈಟನ್ ಸಂಸ್ಥೆಯ ತನಿಷ್ಕ್ ಮುಂತಾದ ಹೆಸರುಗಳು ಮನೆಮಾತಾಗಿವೆ. ತನಿಷ್ಕ್ 1990ರ ದಶಕದಲ್ಲಿ 18 ಕ್ಯಾರೆಟ್ಟಿನ ಒಡವೆಗಳೊಡನೆ ಬಂದಾಗ ಜನ ಒಪ್ಪಲಿಲ್ಲ. ಅದು 22 ಕ್ಯಾರೆಟ್ಟಿಗೆ ಹೊರಳಿತು. ಗಿರಾಕಿಯ ಕಣ್ಣೆದುರೇ ಚಿನ್ನದ ಶುದ್ಧತೆಯನ್ನು ಅಳೆಯುವ ಕ್ಯಾರೆಟ್ ಮೀಟರನ್ನು ಅಂಗಡಿಗಳಲ್ಲಿ ಇರಿಸಿ ವಿಶ್ವಾಸ ಗಳಿಸಿತು.

ಹಳೆಯ ಹೆಸರು ಒಂದು ಆಸ್ತಿಯೇ ಸರಿ. ಹಲವು ದಶಕ ಬಾಳಿದ ಮಳಿಗೆ ನಾಳೆ ಬಾಗಿಲು ಹಾಕುವ ಭಯ ಕಡಿಮೆ. ಆದರೆ ಮಳಿಗೆಯಲ್ಲಿ ಇಂದು ನಮಗೆ ಉಂಗುರ ತೋರಿಸಿದ ಯುವಕ ಮುಂದಿನ ವರ್ಷ ಅಲ್ಲಿರುತ್ತಾನೆಂಬ ಖಾತ್ರಿಯಿಲ್ಲ. ಅವನು ಬಾಯಲ್ಲಿ ಹೇಳಿದ್ದು ಅವನೊಡನೆಯೇ ಹೋಗುತ್ತದೆ. ಆದುದರಿಂದ ಹಿಂದೆ ಮುಖ ನೋಡಿ ಇಡುತ್ತಿದ್ದ ನಂಬಿಕೆಯನ್ನು ಇಂದು ಕಾಗದ ನೋಡಿ ಇಡಬೇಕಾಗಿದೆ. ಮಳಿಗೆಯ ಯೋಗ್ಯತೆಯನ್ನು ಅಳೆಯಲು ನಮಗೆ ಕಂಡ ಸರಳ ಮಾನದಂಡ ಇದು: ಹೇಳಿದ್ದನ್ನು ಬರೆದು ಕೊಡುತ್ತಾರೆಯೇ?

ಎರಡು ಅಂಗಡಿ, ಎರಡು ಚೀಟಿ

ಮೊದಲ ಅಂಗಡಿಯಲ್ಲಿ ಉಪಚಾರಕ್ಕೆ ಕೊರತೆಯಿರಲಿಲ್ಲ. ತಂಪು ಪಾನೀಯ ಬಂತು. "ಕಾಲು ಕ್ಯಾರೆಟ್ ವಜ್ರ ಅಮ್ಮಾ, ಎಲ್ಲ ಸೇರಿ ಅರುವತ್ತೆರಡು ಸಾವಿರ" ಎಂದರು. ವಿವರ ಬರೆದುಕೊಡಿ ಎಂದಾಗ ಸಿಕ್ಕಿದ ಚೀಟಿಯಲ್ಲಿ "ವಜ್ರದ ಉಂಗುರ 1" ಎಂದಷ್ಟೇ ಇತ್ತು, ಕೆಳಗೆ ಮೊತ್ತ. ಭೂತಗನ್ನಡಿಯಲ್ಲಿ ನೋಡಿದರೆ ಅದು ಒಂದು ಕಲ್ಲಲ್ಲ. ಐದು ಸಣ್ಣ ಕಲ್ಲುಗಳನ್ನು ಒತ್ತಾಗಿ ಕೂರಿಸಿದ ಹೂವು. "ಒಟ್ಟು ತೂಕ ಕಾಲು ಕ್ಯಾರೆಟ್ಟೇ ಅಲ್ಲವೇ?" ಎಂಬುದು ಅವರ ಉತ್ತರ.

ಇಲ್ಲಿ ನಮ್ಮವರು ಎಡವುವುದು ಒಂದು ಶಬ್ದದಿಂದ. ಚಿನ್ನದ ಕ್ಯಾರೆಟ್ ಬೇರೆ, ವಜ್ರದ ಕ್ಯಾರೆಟ್ ಬೇರೆ. ಚಿನ್ನಕ್ಕೆ ಅದು ಶುದ್ಧತೆಯ ಅಳತೆ: 22 ಕ್ಯಾರೆಟ್ ಎಂದರೆ ಸಾವಿರಕ್ಕೆ 916 ಪಾಲು, 18 ಕ್ಯಾರೆಟ್ ಎಂದರೆ 750 ಪಾಲು ಚಿನ್ನ. ವಜ್ರಕ್ಕೆ ಅದು ತೂಕ: ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೆಯ ಒಂದು ಪಾಲು ಒಂದು ಸೆಂಟ್. ಐದೈದು ಸೆಂಟಿನ ಐದು ಕಲ್ಲು ಸೇರಿದರೂ 25 ಸೆಂಟ್, ಒಂಟಿ ಕಲ್ಲಾದರೂ 25 ಸೆಂಟ್. ಆದರೆ ದೊಡ್ಡ ಕಲ್ಲು ಅಪರೂಪವಾದ್ದರಿಂದ ಒಂಟಿ ಕಲ್ಲಿನ ಬೆಲೆ ಬಹಳ ಹೆಚ್ಚು. ಸಣ್ಣ ಕಲ್ಲುಗಳಿಗೆ ಒಂಟಿ ಕಲ್ಲಿನ ದರ ತೆತ್ತರೆ ನಷ್ಟ ನಮ್ಮದೇ.

ಎರಡನೆಯ ಅಂಗಡಿಯವರು ಕೇಳುವ ಮೊದಲೇ ಲೆಕ್ಕ ಬಿಡಿಸಿ ಬರೆದರು. ಓದುಗರ ಅನುಕೂಲಕ್ಕಾಗಿ ಅದನ್ನು ಸರಳ ಅಂಕೆಗಳಲ್ಲಿ ಕೊಡುತ್ತೇವೆ. ಉಂಗುರದ ಒಟ್ಟು ತೂಕ 3.25 ಗ್ರಾಂ. ಅದರಲ್ಲಿ 25 ಸೆಂಟಿನ ಒಂಟಿ ವಜ್ರ 0.05 ಗ್ರಾಂ, ಉಳಿದ 3.20 ಗ್ರಾಂ ಚಿನ್ನ. 18 ಕ್ಯಾರೆಟ್ ಚಿನ್ನದ ದರ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಂಡರೆ ಚಿನ್ನಕ್ಕೆ 32,000. ಮಜೂರಿ ನೂರಕ್ಕೆ 15ರಂತೆ 4,800. ವಜ್ರಕ್ಕೆ 20,000. ಒಟ್ಟು 56,800. ಇದರ ಮೇಲೆ ನೂರಕ್ಕೆ ಮೂರರ ಜಿ.ಎಸ್.ಟಿ. 1,704. ಕೊಡಬೇಕಾದ್ದು 58,504.

ಈ ಚೀಟಿಯನ್ನು ಕಂಡು ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಕಷ್ಟಕಾಲಕ್ಕೆ ಇದನ್ನು ಅಡವಿಟ್ಟರೆ ಇವರು ನೋಡುವುದು ಈ ಮೂವತ್ತೆರಡು ಸಾವಿರದ ಚಿನ್ನವನ್ನು ಮಾತ್ರವೇ?" ಎಂದು ಕೇಳಿದರು. ಹೌದು. ಚಿನ್ನದ ಸಾಲ ಕೊಡುವವರು ಸಾಮಾನ್ಯವಾಗಿ ಕಲ್ಲಿನ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಜೂರಿ ಮತ್ತು ತೆರಿಗೆ ಹಿಂತಿರುಗಿ ಬರುವ ಹಣವಲ್ಲ. ಇದನ್ನು ತಿಳಿದು ಕೊಂಡರೆ ತಪ್ಪಿಲ್ಲ. ಒಡವೆ ಎಂದರೆ ಉಳಿತಾಯ ಎಂಬ ಹಳೆಯ ಲೆಕ್ಕದಲ್ಲಿ ವಜ್ರವನ್ನು ಕೊಂಡರೆ ಮಾತ್ರ ತಪ್ಪು.

ಹಾಲ್‌ಮಾರ್ಕ್ ಹೇಳುವುದು, ಹೇಳದಿರುವುದು

ಚಿನ್ನಕ್ಕೆ ಭಾರತೀಯ ಮಾನಕ ಸಂಸ್ಥೆಯ ಹಾಲ್‌ಮಾರ್ಕ್ 2000ದಲ್ಲಿ ಬಂತು. 2021ರ ಜೂನ್ 16ರಿಂದ ಅದನ್ನು ಹಂತಹಂತವಾಗಿ ಕಡ್ಡಾಯಗೊಳಿಸಲಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕೆಗಳ ಗುರುತು ಸಂಖ್ಯೆ, ಅಂದರೆ ಎಚ್.ಯು.ಐ.ಡಿ., ಇರಬೇಕೆಂದಾಯಿತು. ಉಂಗುರದ ಒಳಮೈಯಲ್ಲಿ ಮೂರು ಗುರುತುಗಳನ್ನು ಹುಡುಕಬೇಕು: ಮಾನಕ ಸಂಸ್ಥೆಯ ತ್ರಿಕೋನ ಲಾಂಛನ, 18ಕೆ750 ಎಂಬಂಥ ಶುದ್ಧತೆ, ಮತ್ತು ಈ ಸಂಖ್ಯೆ. ಸಂಖ್ಯೆಯನ್ನು ಮೊಬೈಲಿನ 'ಬಿ.ಐ.ಎಸ್. ಕೇರ್' ಆ್ಯಪ್‌ನಲ್ಲಿ ಹಾಕಿದರೆ ವಿವರ ಅಲ್ಲೇ ತೆರೆದುಕೊಳ್ಳುತ್ತದೆ. ಎರಡು ಗ್ರಾಮಿಗಿಂತ ಹಗುರವಾದ ಒಡವೆಗೆ ಈ ಕಡ್ಡಾಯವಿಲ್ಲ ಎಂಬುದೂ ನೆನಪಿರಲಿ. ಗುರುತಿಗಿಂತ ಕಡಿಮೆ ಶುದ್ಧತೆ ಕಂಡುಬಂದರೆ, 2018ರ ನಿಯಮಗಳಂತೆ ಕೊರತೆಯ ಮೌಲ್ಯದ ಎರಡು ಪಟ್ಟು ಹಾಗೂ ಪರೀಕ್ಷೆಯ ವೆಚ್ಚ ಗಿರಾಕಿಗೆ ಸಲ್ಲಬೇಕು.

ಆದರೆ ಹಾಲ್‌ಮಾರ್ಕ್ ಸಾಕ್ಷಿ ನುಡಿಯುವುದು ಚಿನ್ನದ ಬಗ್ಗೆ ಮಾತ್ರ. ಕಲ್ಲಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ವಜ್ರಕ್ಕೆ ಬೇರೆಯೇ ಪ್ರಯೋಗಾಲಯದ ಪ್ರಮಾಣಪತ್ರ ಬೇಕು. ಜಿ.ಐ.ಎ., ಐ.ಜಿ.ಐ. ಮುಂತಾದ ಸಂಸ್ಥೆಗಳು ಕಲ್ಲಿನ ತೂಕ, ಬಣ್ಣ, ನಿರ್ಮಲತೆ, ಕೆತ್ತನೆ ಎಂಬ ನಾಲ್ಕನ್ನು ಪರೀಕ್ಷಿಸಿ ಬರೆದುಕೊಡುತ್ತವೆ. ಬಣ್ಣವಿಲ್ಲದ ಕಲ್ಲಿಗೆ 'ಡಿ' ಎಂಬ ಅಕ್ಷರ. ಹಳದಿ ಛಾಯೆ ಏರಿದಂತೆ ಅಕ್ಷರವೂ 'ಜೆಡ್'ನತ್ತ ಸಾಗುತ್ತದೆ. ಪ್ರಮಾಣಪತ್ರ ಅಂಗಡಿಯದೇ ಆಗಿದ್ದರೆ ಅದು ಮಾರುವವನು ತನ್ನ ಸರಕಿಗೆ ತಾನೇ ಕೊಟ್ಟ ಸಾಕ್ಷ್ಯ.

ಇನ್ನೊಂದು ಹೊಸ ಮಾತು ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ. ಇದು ಗಾಜಲ್ಲ, ನಕಲಿಯೂ ಅಲ್ಲ. ಗಣಿಯ ವಜ್ರದಂತೆ ಇದೂ ಇಂಗಾಲದ ಹರಳೇ. ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಅಂಗಡಿಗಳ ಸಾಮಾನ್ಯ ಶಾಖದ ಪರೀಕ್ಷಕಕ್ಕೂ ತಿಳಿಯದು. ಆದರೆ ಬೆಲೆ ಗಣಿಯ ವಜ್ರಕ್ಕಿಂತ ಬಹಳ ಕಡಿಮೆ. ಇತ್ತೀಚಿನ ವರ್ಷಗಳಲ್ಲಿ ಇನ್ನೂ ಇಳಿದಿದೆ. ಚೆಲುವು ಸಾಕು, ಮರುಮಾರಾಟ ಬೇಡ ಎನ್ನುವವರು ಧಾರಾಳವಾಗಿ ಕೊಳ್ಳಬಹುದು. ಗಣಿಯದೋ ಬೆಳೆಸಿದ್ದೋ ಎಂಬುದು ಬಿಲ್ಲಿನಲ್ಲಿ ಸ್ಪಷ್ಟವಾಗಿ ಇರಬೇಕು, ಅಷ್ಟೇ.

ಹಿಂತಿರುಗಿಸುವ ಶರತ್ತನ್ನೂ ಕೊಳ್ಳುವ ದಿನವೇ ಕೇಳಬೇಕು. ಅದೇ ಮಳಿಗೆಯಲ್ಲಿ ಬದಲಾಯಿಸಿದರೆ ಎಷ್ಟು, ನಗದು ಬೇಕೆಂದರೆ ಎಷ್ಟು, ಬೇರೆ ಊರಿನ ಶಾಖೆಯಲ್ಲಿ ನಡೆಯುತ್ತದೆಯೇ, ಪ್ರಮಾಣಪತ್ರ ಕಳೆದರೆ ಏನು ಎಂಬುದು ಬರಹದಲ್ಲಿರಲಿ. "ಬಿಲ್ ಬೇಡವಾದರೆ ತೆರಿಗೆ ಉಳಿಯುತ್ತದೆ" ಎಂಬ ಪಿಸುಮಾತಿಗೆ ಕಿವಿಗೊಡಬಾರದು. ಬಿಲ್ಲಿಲ್ಲದವನ ದೂರಿಗೆ ಆಧಾರವೇ ಇಲ್ಲ. ಬಿಲ್ಲಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ.

ಸ್ಕೀಮಿಗೆ ಕಟ್ಟಿದವರು ಒಂದು ವಿಷಯ ವಿಚಾರಿಸಬೇಕು. ಗಿರಾಕಿಯಿಂದ ಪಡೆದ ಮುಂಗಡಕ್ಕೆ 365 ದಿನಗಳೊಳಗೆ ಸರಕು ಕೊಡದಿದ್ದರೆ ಅದು ಠೇವಣಿಯೆನಿಸುತ್ತದೆ ಎಂಬ 2014ರ ಕಂಪೆನಿ ನಿಯಮದ ಕಾರಣದಿಂದಲೇ ಈ ಯೋಜನೆಗಳು ಹನ್ನೊಂದು ತಿಂಗಳಿಗೆ ನಿಲ್ಲುತ್ತವೆ. ಅವುಗಳ ರಿಯಾಯಿತಿ ಚಿನ್ನದ ಒಡವೆಗೆ ಮಾತ್ರವೋ, ವಜ್ರಕ್ಕೂ ಉಂಟೋ ಎಂಬುದು ಯೋಜನೆಯಿಂದ ಯೋಜನೆಗೆ ಬೇರೆ. ನಮ್ಮ ನೆರೆಮನೆಯವರ ಸ್ಕೀಮಿನಲ್ಲಿ ವಜ್ರಕ್ಕೆ ಇರಲಿಲ್ಲ!

ಹುಡುಗಿಯ ಮಾತು

ಕೊನೆಗೆ ನಿರ್ಧಾರ ಮಾಡಿದ್ದು ನಾವಾರೂ ಅಲ್ಲ. ಎರಡೂ ಚೀಟಿಗಳನ್ನು ಮುಂದಿಟ್ಟಾಗ ಭಾವೀ ಸೊಸೆ ಸರಳವಾಗಿ ಹೇಳಿದಳು: "ಆಂಟಿ, ವಾರ್ಡಿನಲ್ಲಿ ಕಲ್ಲಿನ ಉಂಗುರ ಹಾಕಲು ಬಿಡುವುದಿಲ್ಲ. ಕೈಗವಸು ಹರಿಯುತ್ತದೆ, ಕಲ್ಲಿನ ಸಂದಿಯಲ್ಲಿ ಕೊಳೆ ನಿಲ್ಲುತ್ತದೆ. ದಿನವೂ ಹಾಕುವಂಥದ್ದು ಕೊಡಿ." ವಜ್ರ ಅತ್ಯಂತ ಗಟ್ಟಿ ವಸ್ತುವಾದರೂ ಜೋರಾದ ಪೆಟ್ಟಿಗೆ ಸೀಳಬಹುದು, ಅದನ್ನು ಹಿಡಿದಿರುವ ಚಿನ್ನದ ಕೊಕ್ಕೆಗಳು ಸವೆಯುತ್ತವೆ. ಹಾಗಾಗಿ ಬಟ್ಟೆ ಒಗೆಯುವ, ಮೀನು ತೊಳೆಯುವ, ರೋಗಿಯನ್ನು ಎತ್ತಿ ಕೂರಿಸುವ ಕೈಗೆ ಎತ್ತರದ ಕಲ್ಲು ಒಗ್ಗದು.

ಹಾಗೆ ಎರಡನೆಯ ಅಂಗಡಿಯಲ್ಲಿಯೇ, ಸ್ಕೀಮಿನ ಹಣ ಮೀರದಂತೆ, ಇಬ್ಬರಿಗೂ 22 ಕ್ಯಾರೆಟ್ಟಿನ ಕಲ್ಲಿಲ್ಲದ ಎರಡು ಉಂಗುರಗಳು ಬಂದವು. ಸಾಲ ಮಾಡಬೇಕಾಗಲಿಲ್ಲ. ಮಗ ಮಸ್ಕತ್‌ನಿಂದ ಮೊದಲು ತುಸು ಮುನಿಸಿಕೊಂಡನಂತೆ. ಸ್ನೇಹಿತರೆಲ್ಲ ವಜ್ರ ಕೊಟ್ಟವರು, ತನ್ನದು ಕಡಿಮೆಯಾಯಿತೆಂಬ ಸಂಕೋಚ. "ವಜ್ರ ಬೇಕಾದರೆ ಇಪ್ಪತ್ತೈದನೆಯ ವರ್ಷಕ್ಕೆ ಕೊಡು" ಎಂದು ಹುಡುಗಿ ಫೋನಿನಲ್ಲಿ ಸಮಾಧಾನ ಮಾಡಿದಳು.

ವಜ್ರ ಕೊಳ್ಳಬಾರದೆಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಶಕ್ತಿಯಿದ್ದವರು, ತಿಳಿದು, ಕಾಗದಪತ್ರ ಸಹಿತ ಕೊಂಡರೆ ಅದೂ ಒಂದು ಚೆಂದವೇ. ಆದರೆ ತಲ್ಲೂರಿನ ಇಗರ್ಜಿಯ ಪಾಲಕ ಸಂತ ಫ್ರಾನ್ಸಿಸ್ ಅಸಿಸಿಯ ಬಟ್ಟೆ ವ್ಯಾಪಾರಿಯ ಮಗ. ತಂದೆಯ ಸಿರಿಯನ್ನೂ ಮೈಮೇಲಿನ ಉಡುಪನ್ನೂ ಬಿಷಪರ ಸಮ್ಮುಖದಲ್ಲಿ ಹಿಂತಿರುಗಿಸಿ ಹೊರಟವರು. ಅವರ ನೆರಳಿನಲ್ಲಿ ಬಾಳುವ ಕುಟುಂಬಗಳು ನೆಂಟರ ಉಂಗುರದೊಡನೆ ಹೋಲಿಸಿ ಸಾಲದ ಹೊರೆ ಹೊರುವುದು ಶೋಭಿಸದು.

ಆ ತಾಯಿ ಬಿಲ್ಲನ್ನು ಏನು ಮಾಡಿದರೆಂದು ಮೊನ್ನೆ ಕೇಳಿದೆವು. ದೇವರ ಪೀಠದ ಕೆಳಗಿನ ಪೆಟ್ಟಿಗೆಯಲ್ಲಿ, ಮಕ್ಕಳ ದೀಕ್ಷಾಸ್ನಾನದ ಪತ್ರಗಳ ಜೊತೆಗೆ ಇಟ್ಟಿದ್ದಾರೆ.