ಕೇಳಿ ಕಲಿತ ಕಾರಂತರು

ಅಂದು ರಾತ್ರಿ ಜೋರು ಮಳೆ. ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ನಡೆದಿತ್ತು. ಫಳ್ಳನೆ ಮಿಂಚಿತು. ಸ್ವಲ್ಪ ಹೊತ್ತಿಗೆ ಗುಡುಗಿತು. ಬೀಡಿ ಕಟ್ಟುವ ಅಕ್ಕ ಒಬ್ಬರು ಕೇಳಿದರು:

"ಟೀಚರೇ, ಮಿಂಚು ಮೊದಲು ಕಾಣ್ತದೆ. ಗುಡುಗು ಆಮೇಲೆ ಕೇಳ್ತದೆ. ಯಾಕೆ?"

ಪಕ್ಕದವರು ನಕ್ಕರು. "ಅದೆಲ್ಲ ನಿನಗ್ಯಾಕೆ? ಹೆಸರು ಬರೆಯಲು ಬಂದರೆ ಸಾಕು" ಎಂದರು. ಅಕ್ಕ ತಲೆ ತಗ್ಗಿಸಿದರು.

ನಮಗೂ ಉತ್ತರ ತಟ್ಟನೆ ಹೊಳೆಯಲಿಲ್ಲ. ಪುಸ್ತಕ ನೋಡಿ ಮರುದಿನ ಹೇಳಿದೆವು. ಮಿಂಚು, ಗುಡುಗು ಒಟ್ಟಿಗೇ ಹುಟ್ಟುತ್ತವೆ. ಬೆಳಕು ಕೂಡಲೇ ಬರುತ್ತದೆ. ಶಬ್ದ ನಿಧಾನ. 1 ಕಿಲೋಮೀಟರ್ ಬರಲು ಅದಕ್ಕೆ ಸುಮಾರು 3 ಸೆಕೆಂಡು ಬೇಕು. ಮಿಂಚಿದ ಕೂಡಲೇ ಗುಡುಗಿದರೆ ಸಿಡಿಲು ತೀರಾ ಹತ್ತಿರ ಇದೆ ಎಂದು ಅರ್ಥ. ದೂರದ ಗುಡುಗು ಕೇಳಿದರೂ ಗದ್ದೆಯಲ್ಲಿ ನಿಲ್ಲಬಾರದು. ಮರದ ಕೆಳಗೂ ನಿಲ್ಲಬಾರದು. ಮನೆಯೊಳಗೆ ಬರಬೇಕು.

ನೋಡಿದಿರಾ? ಒಂದು ಪ್ರಶ್ನೆ ಜೀವ ಉಳಿಸೀತು!

ಇಂಥ ಪ್ರಶ್ನೆಗಳನ್ನು ಬದುಕಿಡೀ ಕೇಳಿದವರು ಶಿವರಾಮ ಕಾರಂತರು. ಅವರು 1902ರ ಅಕ್ಟೋಬರ್ 10ರಂದು ಉಡುಪಿ ಹತ್ತಿರದ ಕೋಟದಲ್ಲಿ ಹುಟ್ಟಿದರು. ಗಾಂಧೀಜಿಯ ಕರೆ ಕೇಳಿ ಕಾಲೇಜು ಬಿಟ್ಟರು. ಆದರೆ ಕಲಿಯುವುದನ್ನು ಬಿಡಲಿಲ್ಲ. ಊರೂರು ತಿರುಗಿದರು. ಕಣ್ಣಾರೆ ನೋಡಿದರು. ಗೊತ್ತಿದ್ದವರನ್ನು ಕೇಳಿದರು. ತಿಳಿದದ್ದನ್ನು ಕನ್ನಡದಲ್ಲಿ ಬರೆದರು.

ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದರು. ಅದು 3 ಸಂಪುಟ. ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ' ಬರೆದರು. ಅದು 4 ಸಂಪುಟ. ಯುರೋಪಿಗೆ ಹೋಗಿ ಬಂದು 'ಅಪೂರ್ವ ಪಶ್ಚಿಮ' ಬರೆದರು. ನಮ್ಮ ಊರಿನ ಬಯಲಾಟವನ್ನೂ ಅವರು ಬಿಡಲಿಲ್ಲ. ಅದರ ಹಾಡು, ಕುಣಿತ, ವೇಷ ಎಲ್ಲವನ್ನೂ ಅಭ್ಯಾಸ ಮಾಡಿದರು. 'ಯಕ್ಷಗಾನ ಬಯಲಾಟ' ಎಂಬ ಪುಸ್ತಕ ಬರೆದರು. 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಕತೆ, ಕಾದಂಬರಿಗಳನ್ನೂ ಬರೆದರು. 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ ಜ್ಞಾನಪೀಠ ಪ್ರಶಸ್ತಿ ಬಂತು. ಅದರಲ್ಲಿ ತಿಳಿದವಳು ಯಾರು ಗೊತ್ತೇ? ಹಳ್ಳಿಯ ಒಬ್ಬ ಮುದುಕಿ! ಓದಿದ ಮೊಮ್ಮಗ ಆ ಅಜ್ಜಿಯನ್ನು ಕೇಳಿ ಕೇಳಿ ಕಲಿಯುತ್ತಾನೆ.

ಕಾರಂತರು 1997ರಲ್ಲಿ ತೀರಿಕೊಂಡರು. ಅವರ ಪುಸ್ತಕಗಳು ನಮ್ಮೊಂದಿಗೆ ಇವೆ.

ಅಕ್ಕಂದಿರೇ, ಅಕ್ಷರ ಕಲಿತದ್ದು ಸಹಿ ಹಾಕಲು ಮಾತ್ರವೇ? ಅಲ್ಲ. ಮನಸ್ಸಿನಲ್ಲಿ ಎಷ್ಟೋ ಪ್ರಶ್ನೆ ಇರುತ್ತವೆ. ಕೇಳಲು ನಾಚಿಕೆ ಬೇಡ. ಯಾರಾದರೂ ಕೇಳಿದರೆ ನಗುವುದೂ ಬೇಡ. ಗ್ರಂಥಾಲಯಕ್ಕೆ ಒಟ್ಟಿಗೆ ಹೋಗೋಣ. ಉತ್ತರ ಹುಡುಕೋಣ.

ಈಗ ಬರೆಯಿರಿ: ನೀವು ಬಹಳ ದಿನದಿಂದ ಕೇಳಬೇಕೆಂದಿದ್ದ ಒಂದು ಪ್ರಶ್ನೆ ಯಾವುದು?